ನೂರಾ ಹದಿನೇಳನೇ ಸಿಡಿ

ಹಾಲೇಶಪ್ಪನಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಇಂದಿಗೂ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾನೆ. ಹಾಗಿದ್ದೂ ದಾವಣಗೆರೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷ ಅವನ ಸಹಿ ಇಲ್ಲದೆ ಒಂದೇ ಒಂದು ಸಿಡಿ ಬಾಗಿಲು ದಾಟಲಿಲ್ಲ.

ಮನುಷ್ಯ ಹರಿಹರದವನು. ಅಲ್ಲಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದ. ತಯಾರಾಗಿ ಬಂದ ಬಿಡಿಭಾಗವನ್ನು ಅಳತೆ ಹಿಡಿದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ಅವನ ಕೆಲಸ. ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ನಾಲ್ಕು ವರ್ಷ ತಳ್ಳಿ, 2006ರಲ್ಲಿ ಬಸವಕಿರಣ್‌ನ ಹೊಸ ಕಂಪನಿ ಸೇರಿದ. ಬಸವಕಿರಣ್‌ಗೆ ಆಗಿನ್ನೂ ಇಪ್ಪತ್ತೈದು. ನಾಲೆ ಬಯಲಿನ ನೀರು ಬಳಕೆದಾರರ ಸಂಘಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದ. ಯಾವ ತೂಬಿನಡಿ ಯಾರ ಹೊಲ, ಎಷ್ಟು ಎಕರೆ, ಯಾವ ದಿನ ಯಾವ ಹೊತ್ತಿಗೆ ಯಾರ ಪಾಳಿ ಎಂಬುದನ್ನೆಲ್ಲ ಅದು ಲೆಕ್ಕ ಹಾಕಿ ಪಟ್ಟಿ ತೆಗೆಯುತ್ತಿತ್ತು. ಆಗಾಗ ಹೊಸ ಆವೃತ್ತಿ ಬರುತ್ತಿತ್ತು. ಅದನ್ನು ಸಿಡಿಗೆ ಬರೆಸಿ ನೂರಾ ನಲವತ್ತು ಸಂಘಗಳಿಗೆ ಮುಟ್ಟಿಸುವ ಹೊಣೆ ಹಾಲೇಶಪ್ಪನದಾಯಿತು.

ಅವನು ಅದನ್ನೂ ಕಾರ್ಖಾನೆ ಮಾಡಿಬಿಟ್ಟ. ಒಂದು ಮೂಲ ಸಿಡಿ, ಅದಕ್ಕೆ ಮಾಸ್ಟರ್ ಅನ್ನುತ್ತಿದ್ದರು. ಅದನ್ನಿಟ್ಟು ಒಂದೇ ಸಲ ಏಳು ಪ್ರತಿ ತೆಗೆಯುವ ಯಂತ್ರ. ತೆಗೆದ ಪ್ರತಿಯೊಂದನ್ನೂ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಹಾಕಿ, ಸಾಫ್ಟ್‌ವೇರ್ ಪೂರ್ತಿ ಕೂತು, ಪರದೆಯ ಮೇಲೆ ನಾಲೆಯ ಚಿತ್ರ ಬರುವ ತನಕ ಕಾದು, ಆಮೇಲೆ ಬೆನ್ನಿಗೆ ಆವೃತ್ತಿ, ನಂಬರು ಬರೆದು ಸಹಿ ಮಾಡುತ್ತಿದ್ದ. ಒಂದಕ್ಕೆ ಇಪ್ಪತ್ತು ನಿಮಿಷ. ಬಸವಕಿರಣ್‌ಗೆ ಇದು ಅತಿ ಅನ್ನಿಸಿತು.

“ಹಾಲೇಶಪ್ಪಾರೆ, ಹತ್ತಕ್ಕ ಒಂದು ನೋಡಿದ್ರ ಸಾಕ್ರಿ.”

“ಉಳಿದ ಒಂಬತ್ತು ಊರಿನೋರು ಏನ್ ಪಾಪ ಮಾಡ್ಯಾರ ಸರ್?”



ಇನ್ನೊಂದು ಕಟ್ಟಳೆಯನ್ನು ಹಾಲೇಶಪ್ಪ ತಾನೇ ತಂದಿದ್ದ. ಮೊದಲ ವರ್ಷ ಯಾವುದೋ ಊರಿನಲ್ಲಿ ಹೊಸ ಸಿಡಿ ಬಿಟ್ಟು ಹಳೆಯದನ್ನೇ ಹಾಕಿಕೊಂಡು, ಪಾಳಿಯೆಲ್ಲ ಕಲಸುಮೇಲೋಗರವಾಗಿ ಗುದ್ದಲಿ ಹಿಡಿದು ಬಡಿದಾಡುವ ಮಟ್ಟಕ್ಕೆ ಹೋಗಿತ್ತು. ಅಂದಿನಿಂದ ಹಳೇ ಸಿಡಿ ತಂದುಕೊಟ್ಟವರಿಗೆ ಮಾತ್ರ ಹೊಸದು. ಖಾಲಿ ಸಿಲಿಂಡರ್ ಇಲ್ಲದೆ ತುಂಬಿದ ಸಿಲಿಂಡರ್ ಯಾರು ಕೊಡುತ್ತಾರೆ? ಬಂದ ಹಳೇ ಸಿಡಿಯ ನಂಬರು ನೋಡಿ, ರಿಜಿಸ್ಟರಿನಲ್ಲಿ ಗುರುತು ಹಾಕಿ, ಕೊಟ್ಟವರ ಕಣ್ಣೆದುರಿಗೇ ತಗಡು ಕತ್ತರಿಯಿಂದ ಅದನ್ನು ಎರಡು ತುಂಡು ಮಾಡುತ್ತಿದ್ದ. ಆನಗೋಡಿನ ಸಂಘದ ಮಾರಪ್ಪ ಒಮ್ಮೆ ಬರಿಗೈಯಲ್ಲಿ ಬಂದ. ಮನೆಯಲ್ಲೆಲ್ಲೋ ಐತೆ, ಮುಂದಿನ ಸಲ ತರ್ತೀನಿ ಅಂದ. “ಇದ್ದಾಗ ಬರ್ರಿ” ಎಂದು ಹಾಲೇಶಪ್ಪ ಅವನಿಗೆ ಚಹಾ ಕುಡಿಸಿ ಬಂದ ಬಸ್ಸಿಗೇ ವಾಪಸು ಹತ್ತಿಸಿದ. ಈ ಸುದ್ದಿ ನಾಲೆಯ ನೀರಿಗಿಂತ ಬೇಗ ಊರೂರಿಗೆ ಹರಿಯಿತು. ಆಮೇಲೆ ಬರಿಗೈಯಲ್ಲಿ ಬರುವ ಧೈರ್ಯ ಯಾರೂ ಮಾಡಲಿಲ್ಲ.

ಹೊಸದನ್ನು ಕೈಗೆ ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದ. “ಹೊಳಿಯೋ ಮುಖ ಮುಟ್ಟಬ್ಯಾಡ್ರಿ. ಅಂಚು ಹಿಡೀರಿ.” ಹತ್ತನೇ ಸಲ ಬಂದವರಿಗೂ ಅದನ್ನೇ ಹೇಳುತ್ತಿದ್ದ.

2017ರಲ್ಲಿ ಸಿಡಿಗಳ ಕಾಲ ಮುಗಿಯಿತು. ಇನ್ನು ಮುಂದೆ ಎಲ್ಲರೂ ಇಂಟರ್ನೆಟ್‌ನಿಂದಲೇ ಇಳಿಸಿಕೊಳ್ಳಬೇಕು ಎಂದಾಯಿತು. ಕಂಪನಿಯೂ ಪಿ.ಜೆ. ಬಡಾವಣೆಯ ಹಳೇ ಮಹಡಿ ಬಿಟ್ಟು ದೊಡ್ಡ ಕಟ್ಟಡಕ್ಕೆ ಹೊರಟಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆದರೂ ಬಸವಕಿರಣ್ ಒಳ್ಳೆಯವನು, ಹಾಲೇಶಪ್ಪನನ್ನು ಕೈಬಿಡಲಿಲ್ಲ. ಗ್ರಾಹಕರ ಫೋನು ಎತ್ತುವ ಕುರ್ಚಿಗೆ ಕೂರಿಸಿದ. ಹೊರಡುವ ಮುನ್ನ ಹೇಳಿದ್ದು ಒಂದೇ ಮಾತು, “ಆ ಸಿಡಿ ಕಪಾಟು ಪೂರ್ತಿ ಖಾಲಿ ಮಾಡಿಬಿಡ್ರಿ.”

“ಮಾಸ್ಟರ್ ಸಹಿತಾನ ಸರ್?”

ಬಸವಕಿರಣ್ ಯಾರ ಜೊತೆಗೋ ಫೋನಿನಲ್ಲಿದ್ದ. ತಲೆಯಾಡಿಸಿದ. ಫೋನಿನಲ್ಲಿದ್ದವರಿಗೆ ಆಡಿಸಿದನೋ ಹಾಲೇಶಪ್ಪನಿಗೆ ಆಡಿಸಿದನೋ ದೇವರೇ ಬಲ್ಲ. ಹಾಲೇಶಪ್ಪ ಒಂದು ಮಧ್ಯಾಹ್ನವೆಲ್ಲ ಕೂತು ಮಾಸ್ಟರುಗಳನ್ನೂ ಕತ್ತರಿಸಿದ. ಅಷ್ಟರಲ್ಲಿ ಕೊನೆಯ ಸಿಡಿಗಳೂ ಊರುಗಳಿಂದ ಬಂದಿದ್ದವು. ರಿಜಿಸ್ಟರಿನ ಕೊನೇ ಪುಟದಲ್ಲಿ ‘ಹೊರಗೆ ಬಾಕಿ: ಇಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಸಾವಿರಕ್ಕೂ ಮಿಕ್ಕಿ ಸಿಡಿ ಹೋಗಿವೆ, ಒಂದೂ ಕಳೆದಿಲ್ಲ, ಒಂದೂ ಕೆಟ್ಟು ವಾಪಸು ಬಂದಿಲ್ಲ. ಹೆಮ್ಮೆ ತಡೆಯಲಾರದೆ ರಿಜಿಸ್ಟರನ್ನು ಮನೆಗೊಯ್ದು ಹೆಂಡತಿ ಹೊನ್ನಕ್ಕನಿಗೆ ತೋರಿಸಿದ.

“ಇದನ್ನ ತಗೊಂಡು ನಾ ಏನ್ ಸಾರು ಮಾಡ್ಲಿ?” ಎಂದಳು ಹೊನ್ನಕ್ಕ. ಆದರೂ ಒರೆಸಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ ಜಾಗ ಮಾಡಿ ಇಟ್ಟಳು.

ಮೂರು ವರ್ಷ ಅದು ಅಲ್ಲೇ ಇತ್ತು. 2020ರ ಜನವರಿಯಲ್ಲಿ ಭಾನುವಳ್ಳಿಯಿಂದ ಫೋನು ಬಂತು. ಕರೆಂಟು ಏರಿಳಿದು ಅಲ್ಲಿನ ಸಂಘದ ಕಂಪ್ಯೂಟರ್ ಸುಟ್ಟುಹೋಗಿತ್ತು. ಬೇಸಿಗೆ ಬೆಳೆಗೆ ನಾಲೆಯ ನೀರು ಇನ್ನು ಮೂರು ದಿನದಲ್ಲಿ ಅವರ ತೂಬಿಗೆ ಬರುವುದಿತ್ತು. ಕಂಪನಿಯ ಇಂಜಿನಿಯರ್ ಕೀರ್ತನಾ ಹೊಸ ಕಂಪ್ಯೂಟರ್ ಹೊತ್ತು ಹೋದಳು. ಹೋದವಳು ಅಲ್ಲಿಂದಲೇ ಫೋನು ಮಾಡಿದಳು. ಸಂಘದವರು ಮಾಹಿತಿಯನ್ನು ಪೆನ್‌ಡ್ರೈವಿನಲ್ಲಿ ಉಳಿಸಿದ್ದಾರೆ, ಅದು ಕ್ಷೇಮವಾಗಿದೆ. ಆದರೆ ಹತ್ತು ವರ್ಷದಿಂದ ಅವರು ಮೂರನೇ ಆವೃತ್ತಿಯನ್ನೇ ಓಡಿಸುತ್ತಿದ್ದಾರೆ! ಆಮೇಲೆ ಕೊಟ್ಟ ಸಿಡಿಗಳನ್ನು ಕವರೂ ಬಿಚ್ಚದೆ ಹಾಗೇ ವಾಪಸು ಕೊಟ್ಟಿದ್ದಾರೆ. ಹೊಸ ಸಾಫ್ಟ್‌ವೇರಿಗೆ ಆ ಹಳೇ ಮಾಹಿತಿ ಅರ್ಥವಾಗುವುದಿಲ್ಲ. ಮೂರನೆಯದನ್ನೇ ಹಾಕಿ, ಅದರಿಂದಲೇ ಪಟ್ಟಿ ತೆಗೆಯಬೇಕು.

“ಮೂರನೇ ವರ್ಷನ್ ಸಿಡಿ ಒಂದು ಬೇಕಾಗಿತ್ತು ಸರ್” ಎಂದಳು.

ಬಸವಕಿರಣ್ ಹುಡುಕಿಸಿದ. ಹಳೇ ಸರ್ವರ್ ಗುಜರಿಗೆ ಹೋಗಿತ್ತು. ಅದನ್ನು ಬರೆದ ಪ್ರೋಗ್ರಾಮರ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಅವನ ಹತ್ತಿರವೂ ಇರಲಿಲ್ಲ. ಕೊನೆಗೆ ಹಾಲೇಶಪ್ಪನ ಕುರ್ಚಿಯ ಮುಂದೆ ಬಂದು ನಿಂತ.

“ಮಾಸ್ಟರ್ ಯಾಕ್ರಿ ಒಡದ್ರಿ ಹಾಲೇಶಪ್ಪಾರೆ?”

ಅಂದು ತಲೆಯಾಡಿಸಿದ್ದು ಹಾಲೇಶಪ್ಪನಿಗೆ ನೆನಪಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಕಾರ್ಖಾನೆಯಲ್ಲಿ ಚೀಟಿ ಕಟ್ಟಿದವನದೇ ಹೊಣೆ, ಕಟ್ಟು ಅಂದವನದಲ್ಲ.

“ನಾನೇ ಒಡದೆ ಸರ್. ತಪ್ಪಾತು” ಎಂದ.

ಆ ಸಂಜೆ ಅವನು ಊಟ ಮಾಡಲಿಲ್ಲ. ಭಾನುವಳ್ಳಿಯಲ್ಲಿ ಆರುನೂರು ಜನರ ಹೊಲ. ಹೋದ ಬೆಳೆಗೆ ಪಾಳಿ ಎಲ್ಲಿ ನಿಂತಿತ್ತೋ ಅಲ್ಲಿಂದ ಈ ಬೆಳೆಗೆ ಶುರುವಾಗಬೇಕು. ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮಳೆ ತೊಳೆದಿತ್ತು. ಪಟ್ಟಿ ಇಲ್ಲವೆಂದು ಗೊತ್ತಾದರೆ ತೂಬಿನ ಬಾಯಿಗಿರುವವರು ಹೇಳಿದ್ದೇ ಪಾಳಿ. ಬಾಲಕ್ಕೆ, ಅಂದರೆ ಕಾಲುವೆಯ ಕೊನೆಗೆ ಇರುವವರ ಭತ್ತದ ಸಸಿ ಒಣಗಿದ ಮೇಲೆ ಪಟ್ಟಿ ಸಿಕ್ಕರೇನು, ಬಿಟ್ಟರೇನು? ಹನ್ನೊಂದು ವರ್ಷ ಯಾರ ಪಾಳಿಯೂ ತಪ್ಪಬಾರದೆಂದು ಒಂದೊಂದು ಸಿಡಿಗೂ ಇಪ್ಪತ್ತು ನಿಮಿಷ ಕಾದವನ ಕೈಯೇ ಈಗ ಆರುನೂರು ಜನರ ಪಾಳಿಯನ್ನು ಕತ್ತರಿಸಿ ಹಾಕಿತ್ತು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಹರಿಹರದಿಂದ ಭಾನುವಳ್ಳಿ ಬಸ್ಸು ಹತ್ತಿದ. ಫೋನಿನಲ್ಲಿ ಹೇಳಬಹುದಿತ್ತು. ಎದುರು ನಿಂತು ಹೇಳಬೇಕು ಅನ್ನಿಸಿತು. ಹೆಗಲ ಚೀಲದಲ್ಲಿ ರಿಜಿಸ್ಟರ್ ಮತ್ತು ಸಿಡಿ ಓದುವ ಪುಟ್ಟ ಪೆಟ್ಟಿಗೆ. ಸಿಡಿಯೇ ಇಲ್ಲದ ಮೇಲೆ ಪೆಟ್ಟಿಗೆ ಯಾಕೆ? ಅದಿಲ್ಲದೆ ಯಾವ ಸಂಘಕ್ಕೂ ಹೋಗಿ ರೂಢಿಯಿರಲಿಲ್ಲ, ಅಷ್ಟೇ.

ಭಾನುವಳ್ಳಿ ಸಂಘದ ಗುಮಾಸ್ತೆ ಮರುಳಸಿದ್ದಮ್ಮ. ಐವತ್ತರ ಆಸುಪಾಸಿನ ಹೆಂಗಸು, ಸಂಘ ಹುಟ್ಟಿದಾಗಿನಿಂದ ಅದೇ ಮೇಜು. ಕೀರ್ತನಾ ಒಂದು ಮೂಲೆಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಳು.

“ಬರ್ರಿ ಅಣ್ಣಾರೆ, ಕೂಡ್ರಿ. ಸಿಡಿ ತಂದ್ರಾ?”

ಹಾಲೇಶಪ್ಪ ಕೂಡಲಿಲ್ಲ. “ಇಲ್ಲ ಅಕ್ಕಾರೆ. ಇಲ್ಲ ಅಂತ ಹೇಳಾಕ ಬಂದೆ. ಯಾವ ಊರಾಗೂ ಉಳಿದಿಲ್ಲ. ಎಲ್ಲಾನೂ ನಾನೇ ಈ ಕೈಯಾಗ ಕತ್ತರಿಸೀನಿ. ನಿಮ್ಮದೂ ಸೇರಿ.” ರಿಜಿಸ್ಟರ್ ಬಿಚ್ಚಿ ತೋರಿಸಿದ. ಭಾನುವಳ್ಳಿ, ಆವೃತ್ತಿ ಮೂರು, ನಂಬರು ನೂರಾ ಹದಿನೇಳು, ವಾಪಸು ಬಂತು, ಒಡೆಯಲಾಗಿದೆ. “ಊರಿನೋರು ಕೇಳಿದ್ರ ನನ್ನ ಹೆಸರು ಹೇಳ್ರಿ. ಕಂಪನಿ ಹೆಸರು ಬ್ಯಾಡ.”

ಮರುಳಸಿದ್ದಮ್ಮ ರಿಜಿಸ್ಟರಿನ ಆ ಸಾಲನ್ನೇ ನೋಡಿದಳು. ಆಮೇಲೆ ಕೀರ್ತನಾಳ ಕಡೆ, ಆಮೇಲೆ ಬಾಗಿಲ ಕಡೆ ನೋಡಿದಳು.

“ನಾ ಒಂದು ಮಾತು ಹೇಳಿದ್ರ ಸಿಟ್ಟಾಗಾಕಿಲ್ಲ ಅಂತ ಮಾತು ಕೊಡ್ರಿ.”

“ಸಿಟ್ಟು ಮಾಡೋ ಮುಖ ನನಗೆಲ್ಲೈತೆ ಅಕ್ಕಾರೆ?”

ಅವಳು ಎದ್ದು ಗೋಡೆಯ ಮೇಲಿನ ದೇವರ ಫೋಟೋದ ಹಿಂದೆ ಕೈಹಾಕಿದಳು. ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಚಪ್ಪಟೆ ಗಂಟು ಬಂತು. ಬಿಚ್ಚಿದಳು. ಸಿಡಿ. ಬೆನ್ನಿನ ಮೇಲೆ ಮೂರು ಬೆರಳ ವಿಭೂತಿ, ನಡುವೆ ಒಣಗಿದ ಕುಂಕುಮ. ವಿಭೂತಿಯ ಅಡಿಯಲ್ಲಿ ಹಾಲೇಶಪ್ಪನದೇ ಸಹಿ, ಅವನದೇ ಅಕ್ಷರದಲ್ಲಿ ನೂರಾ ಹದಿನೇಳು.

“ಮತ್ತ ನಾ ಒಡದಿದ್ದು ಯಾವುದು?”

“ನಮ್ಮ ಮೈದುನನ ಮದುವಿ ಸಿಡಿ. ಅದರ ಬೆನ್ನಿಗೆ ನಿಮ್ಮಂಗ ನಂಬರು ಬರದು, ಸಹಿ ಮಾಡಿ ತಂದಿದ್ದೆ. ಮದುವೀನ ಎರಡು ವರ್ಷಕ್ಕ ಮುರೀತು, ಸಿಡಿ ಯಾರಿಗೆ ಬೇಕಾಗಿತ್ತು?” ಮರುಳಸಿದ್ದಮ್ಮನ ದನಿ ಇಳಿಯಿತು. “ಆಯುಧಪೂಜಿಗೆ ಇಟ್ಟು ಪೂಜಿ ಮಾಡಿದ್ದನ್ನ ಕತ್ತರಿ ಬಾಯಿಗೆ ಹೆಂಗ ಕೊಡ್ಲಿ ಅಣ್ಣಾರೆ? ನಿನ್ನೆಯಿಂದ ಹೇಳಬೇಕಂತ ಅಂತಿದ್ದೆ. ಮಾರಪ್ಪಾರನ್ನ ವಾಪಸು ಕಳಿಸಿದಂಗ ನಮ್ಮ ಸಂಘಾನೂ ಕೈಬಿಟ್ಟೀರಿ ಅಂತ ಹೆದರಿಕಿ.”

ಹಾಲೇಶಪ್ಪ ಚಾಪೆ ಕೆಳಗೆ ತೂರಿದರೆ ಈಕೆ ರಂಗೋಲಿ ಕೆಳಗೆ ತೂರಿದ್ದಳು. ಹೊರಗೆ ಹೋಗುವುದನ್ನೆಲ್ಲ ಇಪ್ಪತ್ತಿಪ್ಪತ್ತು ನಿಮಿಷ ಪರೀಕ್ಷಿಸುತ್ತಿದ್ದವನು, ಒಳಗೆ ಬಂದದ್ದನ್ನು ಬರೀ ನಂಬರು ನೋಡಿ ಕತ್ತರಿಸುತ್ತಿದ್ದ. ತನ್ನ ಬೆನ್ನು ತನಗೆ ಕಾಣುವುದಿಲ್ಲ. ಅವನು ಸಿಡಿಯನ್ನು ತಿರುವಿದ. ಹೊಳೆಯುವ ಮುಖದ ಮೇಲೆ ಒಂದು ಬೆರಳ ಗುರುತೂ ಇರಲಿಲ್ಲ.

“ಆ ಕಡೆ ಮುಟ್ಟಿಲ್ರಿ. ನೀವ ಹೇಳಿದ್ರಲ್ಲ” ಎಂದಳು ಮರುಳಸಿದ್ದಮ್ಮ.

ಪೆಟ್ಟಿಗೆ ಹೊರಬಂತು. ಕೀರ್ತನಾ ಅದನ್ನು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಳು. ಸಿಡಿ ಒಂದೆರಡು ಸಲ ಕಿರುಗುಟ್ಟಿ ತಿರುಗತೊಡಗಿತು. ಹದಿನೆಂಟನೇ ನಿಮಿಷಕ್ಕೆ ಪರದೆಯ ಮೇಲೆ ನಾಲೆಯ ಚಿತ್ರ ಬಂತು. ಹಾಲೇಶಪ್ಪ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ಸಂಜೆಯೊಳಗೆ ಪಾಳಿ ಪಟ್ಟಿ ಗೋಡೆಗೆ ಬಿತ್ತು, ಬಾಲದ ಹೊಲದವರು ಮೊದಲ ಸಾಲಿನಲ್ಲಿದ್ದರು.

ಬಸವಕಿರಣ್ ಫೋನಿನಲ್ಲಿ, “ಆ ಸಿಡಿ ಇಸ್ಕೊಂಡು ಬಂದುಬಿಡ್ರಿ, ಅದು ಕಂಪನಿದು” ಎಂದ. ಹಾಲೇಶಪ್ಪ ಮರುಳಸಿದ್ದಮ್ಮನನ್ನು ಕೇಳಿ ಒಂದು ದಿನದ ಮಟ್ಟಿಗೆ ಎರವಲು ತಂದ. ಧೂಳು ಹಿಡಿದಿದ್ದ ಯಂತ್ರವನ್ನು ಉಗ್ರಾಣದಿಂದ ಎಳೆಸಿ ಏಳು ಪ್ರತಿ ತೆಗೆದ. ಏಳನ್ನೂ ಒಂದೊಂದಾಗಿ ಹಾಕಿ ನೋಡಿದ. ಏಳನ್ನೂ ಬಸವಕಿರಣ್‌ನ ಮೇಜಿನ ಮೇಲಿಟ್ಟು, ನೂರಾ ಹದಿನೇಳನ್ನು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಭಾನುವಳ್ಳಿ ಬಸ್ಸು ಹತ್ತಿದ. ನಾಲೆಯಲ್ಲಿ ಆಗಲೇ ನೀರು ಹರಿಯುತ್ತಿತ್ತು.

ಸಿಡಿ ಕೈಗೆ ಬಂದಾಗ ಮರುಳಸಿದ್ದಮ್ಮನಿಗೆ ನಗು ತಡೆಯಲಾಗಲಿಲ್ಲ.

“ಬರಿಗೈಲೆ ಹೆಂಗ ಇಸ್ಕೊಳ್ಳಲಿ ಅಣ್ಣಾರೆ? ಮದುವಿ ಸಿಡಿ ಇನ್ನೊಂದು ಐತೆ, ಕೊಡ್ಲಾ?”

ಹಾಲೇಶಪ್ಪನೂ ನಕ್ಕ. ಅವಳ ಮೇಜಿನ ಮೇಲೆಯೇ ರಿಜಿಸ್ಟರ್ ಬಿಚ್ಚಿದ. ‘ಒಡೆಯಲಾಗಿದೆ’ ಎಂಬುದರ ಮೇಲೆ ಕೆಂಪು ಗೆರೆ ಎಳೆದ. ಕೊನೇ ಪುಟದ ‘ಬಾಕಿ: ಇಲ್ಲ’ ಎಂಬುದನ್ನೂ ಹೊಡೆದು ‘ಒಂದು’ ಎಂದು ಬರೆದ. ಅದರ ಕೆಳಗೆ ಹೊಸ ಸಾಲು ಶುರುಮಾಡಿದ. ಊರು, ಭಾನುವಳ್ಳಿ. ನಂಬರು, ನೂರಾ ಹದಿನೇಳು. ಕೊಟ್ಟಿದ್ದು, ಹೌದು. ಹಳೆಯದು ವಾಪಸು ಬಂತೇ ಎಂಬ ಕಾಲಮ್ಮಿಗೆ ಬಂದ. ಅಲ್ಲಿ ‘ಕೇಳಲಿಲ್ಲ’ ಎಂದು ಬರೆದು ಸಹಿ ಮಾಡಿದ.