ಹಸಿ ಗಾರೆಯ ಮೇಲೊಂದು ಸಾಲು

ನಮ್ಮ ಕಡೆ ಬೆಟ್ಟ ಇಳಿದರೆ ಕಡಲು, ಕಡಲಿಗೆ ಬೆನ್ನು ತಿರುಗಿಸಿದರೆ ಬೆಟ್ಟ. ನಡುವಿನ ಎಂಬತ್ತು ಕಿಲೋಮೀಟರಿನಲ್ಲಿ ನೋಡುವಂಥ ಜಾಗ ಎಷ್ಟಿವೆ ಎಂದು ಪ್ರವಾಸ ಕಚೇರಿಯಲ್ಲಿ ಕೇಳಿದರೆ ಬಣ್ಣದ ಕರಪತ್ರ ಕೊಡುತ್ತಾರೆ. ಬೋರ್ಡಣ್ಣನನ್ನು ಕೇಳಿದರೆ ನಲವತ್ತೊಂದು ಎನ್ನುತ್ತಾನೆ. ಯಾವ ದಾರಿಯಲ್ಲಿ ಕಾಲು ಜಾರುತ್ತದೆ, ಯಾವ ಜಲಪಾತ ಬೇಸಿಗೆಯಲ್ಲಿ ಬರೀ ಒದ್ದೆ ಬಂಡೆ, ಅದನ್ನೂ ಹೇಳುತ್ತಾನೆ. ಕರಪತ್ರಕ್ಕೆ ಇಷ್ಟು ನಾಲಿಗೆ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ದಾರಿ ತೋರಿಸುವ ಬೋರ್ಡು ಬರೆಯುವುದು ಅವನ ಕೆಲಸ. ತಗಡಿಗೆ ಮೊದಲು ಕೆಂಪು ಪ್ರೈಮರ್, ಅದು ಒಣಗಿದ ಮೇಲೆ ಹಸಿರು ಬಣ್ಣ. ಸೀಮೆಸುಣ್ಣ ಸವರಿದ ದಾರವನ್ನು ಬಿಗಿಹಿಡಿದು ಟಪ್ಪನೆ ಬಿಟ್ಟರೆ ಗೆರೆ ಬೀಳುತ್ತದೆ. ಗೆರೆಯ ಮೇಲೆ ಊರಿನ ಹೆಸರು, ದೂರ, ಕೊನೆಗೊಂದು ಬಾಣ. ಓಡುವ ಬಸ್ಸಿನಿಂದಲೂ ಓದಬಹುದಾದ ದುಂಡು ಅಕ್ಷರ. ಮೊದಲ ಇಪ್ಪತ್ತು ವರ್ಷ, ತಾನು ಬಾಣ ತೋರಿಸಿದ ಒಂದು ಜಾಗವನ್ನೂ ಅವನು ನೋಡಿರಲಿಲ್ಲ. ಏನು ಬರೆಯಬೇಕೆಂದು ಚೀಟಿ ಬರುತ್ತಿತ್ತು, ಬರೆಯುತ್ತಿದ್ದ, ಲಾರಿಯವರು ಒಯ್ದು ನೆಡುತ್ತಿದ್ದರು. ಕೊಟ್ಟದ್ದನ್ನು ಬರೆಯುವುದು ತನ್ನ ಕೆಲಸ, ನಿಜವೋ ಸುಳ್ಳೋ ನೋಡುವುದು ಮೇಲಿನವರ ಕೆಲಸ ಎನ್ನುತ್ತಿದ್ದ. ಈ ಮಾತನ್ನು ಎಷ್ಟು ಜನ ಎಷ್ಟು ಕುರ್ಚಿಗಳಲ್ಲಿ ಕೂತು ಹೇಳುತ್ತಿದ್ದಾರೆಂದು ಎಣಿಸಲು ಹೋದರೆ ನನಗೆ ಊಟ ಸೇರುವುದಿಲ್ಲ. ಬೋರ್ಡಣ್ಣನಾದರೂ ಅದನ್ನು ಒಂದು ದಿನ ನಿಲ್ಲಿಸಿದ.

ಹನ್ನೆರಡು ವರ್ಷದ ಹಿಂದೆ ಒಂದು ಚೀಟಿ ಬಂತು. ಕಡಲತೀರ, ಒಂದು ಕಿಲೋಮೀಟರ್, ಈಜಲು ಸುರಕ್ಷಿತ. ಕಳಿಸಿದವನು ಅಲ್ಲಿ ಹೊಸದಾಗಿ ಲಾಡ್ಜ್ ತೆರೆದವನು. ಬೋರ್ಡಣ್ಣ ಬರೆದುಕೊಟ್ಟ. ‘ಸುರಕ್ಷಿತ’ ಎಂಬುದಕ್ಕೆ ಹಳದಿ ಬಣ್ಣ ಬೇರೆ ಹಾಕಿದ. ಎರಡು ತಿಂಗಳಾದ ಮೇಲೆ, ಮೊದಲ ಸಲ ಕಡಲು ನೋಡಲು ಬಂದಿದ್ದ ಅಕ್ಕ ತಮ್ಮ ಇಬ್ಬರು ಆ ನೀರಿನಲ್ಲಿ ಮುಳುಗಿಹೋದರು.

ಮಕ್ಕಳ ತಂದೆ ವಿಚಾರಿಸಿಕೊಂಡು ಶೆಡ್ಡಿಗೇ ಬಂದರು. ಜಗಳಕ್ಕಲ್ಲ. ಒಣಗಲು ಒರಗಿಸಿದ್ದ ಬೋರ್ಡುಗಳನ್ನು ತುಂಬ ಹೊತ್ತು ನೋಡಿದರು.

“ಅದನ್ನ ಬರೆದವ್ರು ನೀವೇನಾ?” ಎಂದರು. “ಅಕ್ಷರ ಚೆನ್ನಾಗಿದೆ. ಅದಕ್ಕೇ ನಂಬಿಬಿಟ್ವಿ.”

ಅಷ್ಟು ಹೇಳಿ ಹೋದರು. ಕಪಾಳಕ್ಕೆ ಹೊಡೆದಿದ್ದರೆ ಎರಡು ದಿನದಲ್ಲಿ ಊತ ಇಳಿಯುತ್ತಿತ್ತು ಎನ್ನುತ್ತಾನೆ ಬೋರ್ಡಣ್ಣ.

ಮರುದಿನವೇ ಬಸ್ಸು ಹತ್ತಿ ಆ ತೀರಕ್ಕೆ ಹೋದ. ತನ್ನ ಬೋರ್ಡನ್ನು ತಾನೇ ಕಿತ್ತ. ಬಲೆ ಹೆಣೆಯುತ್ತಿದ್ದ ಮುದುಕನ ಪಕ್ಕ ಕೂತು ನೀರನ್ನು ಓದುವುದು ಹೇಗೆಂದು ಕೇಳಿದ. ಎರಡೂ ಕಡೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಕೆರೆಯಂತೆ ಸುಮ್ಮನಿತ್ತು. ಹೊಸಬರು ಇಳಿಯುವುದು ಅಲ್ಲೇ. ಸುಮ್ಮನಿರುವ ನೀರೇ ಒಳಗೆ ಎಳೆಯುವುದು ಎಂದ ಮುದುಕ, ಮನುಷ್ಯರಲ್ಲೂ ಹಾಗೇ ಅಲ್ಲವೇ ಎಂದು ನಕ್ಕ.

ಅಂದಿನಿಂದ ಒಂದು ನಿಯಮ. ತಾನು ಹೋಗಿ ನೋಡದ ಜಾಗಕ್ಕೆ ಬೋರ್ಡು ಬರೆಯುವುದಿಲ್ಲ. ಹಳೆಯವನ್ನೂ ಒಂದೊಂದಾಗಿ ಹೋಗಿ ನೋಡಿ ತಿದ್ದಿದ. ಹೆಂಡತಿಯೂ ಹೊರಟಳು. ಮದುವೆಯಾಗಿ ಇಪ್ಪತ್ತೈದು ವರ್ಷ ಒಂದು ಕೆರೆಯನ್ನೂ ತೋರಿಸದ ಗಂಡ, ಈಗ ಬೋರ್ಡಿನ ನೆಪದಲ್ಲಿ ಮಧುಚಂದ್ರಕ್ಕೆ ಕರೆದೊಯ್ಯುತ್ತಿದ್ದಾನೆ ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಕಚೇರಿಯ ಚೀಟಿಯಲ್ಲಿ ‘ಸುಲಭದ ನಡಿಗೆ’ ಎಂದಿದ್ದ ಶಿಖರದ ಅರ್ಧಕ್ಕೆ ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. “ರೀ, ಇದನ್ನ ಸುಲಭ ಅಂದವನನ್ನ ಕರ್ಕೊಂಡು ಬನ್ನಿ. ನನ್ನನ್ನ ಹೊತ್ಕೊಂಡು ಇಳೀಲಿ.” ಬೋರ್ಡಿನಲ್ಲಿ ‘ಮಂಡಿ ಗಟ್ಟಿ ಇದ್ದವರಿಗೆ’ ಎಂದು ಬಂತು. ಕಚೇರಿಯವರು ಕೂಗಾಡಿದರು. ಅವನು ಬದಲಿಸಲಿಲ್ಲ. ಎರಡು ಕಿಲೋಮೀಟರ್ ಎಂದಿದ್ದದ್ದು ಮೂರೂವರೆಯಾಯಿತು, ಜಲಪಾತದ ಹೆಸರಿನ ಕೆಳಗೆ ‘ಮಳೆಗಾಲದಲ್ಲಿ ಮಾತ್ರ’ ಎಂದು ಸೇರಿತು.

ಕಡಲತೀರದ ಕಥೆ ಮಾತ್ರ ಮುಗಿಯಲಿಲ್ಲ. ನೀರಿಗೆ ಇಳಿಯಬೇಡಿ ಎಂದು ಅವನು ತನ್ನ ಖರ್ಚಿನಲ್ಲಿ ಬರೆದು ನೆಟ್ಟ ಬೋರ್ಡು ವಾರದೊಳಗೆ ಮಾಯ. ಇನ್ನೊಂದು ನೆಟ್ಟ. ಅದು ಲಾಡ್ಜಿನ ಹಿತ್ತಲಿನಲ್ಲಿ ಕೋಳಿಗೂಡಿನ ಬಾಗಿಲಾಗಿ ಸಿಕ್ಕಿತು. ಬರೆದ ಬದಿ ಒಳಗೆ, ಕೋಳಿಗಳು ಓದಿಕೊಳ್ಳಲಿ ಎಂದಿರಬೇಕು. ಮೂರನೆಯದಕ್ಕೆ ಕಬ್ಬಿಣದ ಕಂಬ ಹಾಕಿದ, ಕಂಬವನ್ನೇ ಕೊಯ್ದರು. ಅಷ್ಟರಲ್ಲಿ ಹೋದವರ ಸಂಖ್ಯೆ ಎರಡರಿಂದ ಏಳಕ್ಕೆ ಏರಿತ್ತು. ಪ್ರತಿ ಸಲವೂ ಕಚೇರಿಯವರು ವಿಷಾದ ವ್ಯಕ್ತಪಡಿಸಿದರು. ವಿಷಾದಕ್ಕೆ ಕಂಬ ಬೇಡ ನೋಡಿ, ಯಾರೂ ಕೊಯ್ಯುವುದಿಲ್ಲ.

ಕಳೆದ ವರ್ಷ ಲಾಡ್ಜ್ ಯಜಮಾನನೇ ಶೆಡ್ಡಿಗೆ ಬಂದ. ತೀರದಲ್ಲಿ ಗೋಡೆ ಕಟ್ಟಿಸುತ್ತಿದ್ದ, ಜನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು. ಕಡಲೂ ಪಕ್ಕದಲ್ಲಿ ಬರಲಿ ಎಂದು ಗೋಡೆಯ ಒಂದು ತುದಿ ಕಡಲ ಕಡೆಗೆ ಬರುವಂತೆ ನಿಲ್ಲಿಸಿದ್ದ. ಅದರ ಮೇಲೆ ‘ನಾವು ಇಲ್ಲಿಗೆ ಬಂದಿದ್ದೆವು’ ಎಂದು ಆಳೆತ್ತರದ ಅಕ್ಷರ ಬೇಕು. ಫ್ಲೆಕ್ಸ್ ಹಾಕಿದರೆ ಉಪ್ಪುಗಾಳಿಗೆ ಒಂದು ವಾರವೂ ನಿಲ್ಲದು, ಕೈಯಲ್ಲಿ ಅಷ್ಟು ದೊಡ್ಡದು ಬರೆಯಬಲ್ಲವನು ಈ ಸೀಮೆಯಲ್ಲಿ ಇವನೊಬ್ಬನೇ.

“ಬರೀತೀನಿ ಯಜಮಾನ್ರೇ. ಜೊತೆಗೆ ಇನ್ನೊಂದು ಸಾಲು ಬರೀತೀನಿ,” ಎಂದ ಬೋರ್ಡಣ್ಣ.

ಯಜಮಾನನಿಗೆ ಯಾವ ಸಾಲೆಂದು ಕೇಳದೆಯೇ ಗೊತ್ತಾಯಿತು. “ಬರ್ಕೊಳಪ್ಪ. ಬಣ್ಣ ತಾನೇ,” ಎಂದು ನಕ್ಕ.

ಬಣ್ಣವಾದರೆ ಮೇಲೆ ಸುಣ್ಣ ಬಳಿದರಾಯಿತು ಎಂದು ಅವನ ಲೆಕ್ಕ. ಬೋರ್ಡಣ್ಣನಿಗೂ ಆ ನಗು ಅರ್ಥವಾಗಿತ್ತು.

ಹೆಂಡತಿಯನ್ನು ಕರೆದೊಯ್ದು ಗೋಡೆಯ ಮುಂದೆ ನಿಲ್ಲಿಸಿದ. ಕೂರಿಸಿದ, ಕೈ ಚಾಚಿಸಿದ, ನೆಗೆಯಲು ಹೇಳಿದ. ಈ ವಯಸ್ಸಿನಲ್ಲಿ ನೆಗೆಯಬೇಕೇ ಎಂದು ಬೈಯುತ್ತಲೇ ನೆಗೆದಳು. ಎಷ್ಟು ಜನ ಹೇಗೆ ನಿಂತರೂ ತಲೆ ಮರೆಮಾಡದ ಎತ್ತರ ಸಿಕ್ಕಿತು, ದೊಡ್ಡ ಅಕ್ಷರಗಳಿಗೆ ಸರಿಯಾಗಿ ಮೇಲೆ. ಆಮೇಲೆ ಗಾರೆ ಕೆಲಸದವನ ಹತ್ತಿರ ಮಾತಾಡಿದ. ಅವನು ಬೆಳಿಗ್ಗೆ ಸಿಮೆಂಟ್ ಬಳಿದು ಕೈ ತೊಳೆಯಲು ಹೋದದ್ದೇ ತಡ, ಬೋರ್ಡಣ್ಣ ಏಣಿ ಹತ್ತಿ ಹಸಿ ಗಾರೆಯೊಳಗೆ ಕರಣೆಯ ಮೊನೆಯಿಂದ ಅಕ್ಷರ ಕೊರೆಯತೊಡಗಿದ. ಅರ್ಧ ಬೆರಳು ಆಳ. ‘ಇಲ್ಲಿ ನೀರಿಗೆ ಇಳಿದ ಏಳು ಜನ ಹಿಂದಿರುಗಲಿಲ್ಲ.’

ಗಾರೆಯವನು ಕೆಳಗೆ ನಿಂತು ಒಂದೇ ಅನುಮಾನ ತೆಗೆದ. “ಅಣ್ಣಾ, ಏಳು ಅಂತ ಕೊರೆದುಬಿಟ್ರೆ ಮುಂದೆ ಜಾಸ್ತಿಯಾದ್ರೆ ಏನ್ಮಾಡ್ತೀಯ?”

“ಜಾಸ್ತಿಯಾಗೋಕೆ ಜಾಗ ಬಿಟ್ಟಿಲ್ಲ,” ಎಂದ ಬೋರ್ಡಣ್ಣ.

ಗೋಡೆ ಒಣಗಿದ ಮೇಲೆ ದೊಡ್ಡ ಅಕ್ಷರಗಳನ್ನು ನೀಲಿಯಲ್ಲಿ, ಕೊರೆದ ಸಾಲನ್ನು ಕಪ್ಪಿನಲ್ಲಿ ತುಂಬಿದ. ಯಜಮಾನ ಮೂರನೆಯ ದಿನ ಆ ಕಪ್ಪು ಸಾಲಿನ ಮೇಲೆ ಸುಣ್ಣ ಬಳಿಸಿದ. ಮಧ್ಯಾಹ್ನ ನೋಡಿದರೆ ನೀಲಿ ಅಕ್ಷರಗಳ ಮೇಲೆ ಗೋಡೆ ಬೆಳ್ಳಗೆ, ಏನೂ ಇಲ್ಲ. ಸಂಜೆ ಸೂರ್ಯ ಇಳಿದು ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಿತ್ತು. ಒಂದೊಂದು ಅಕ್ಷರದ ಅಂಚಿಗೂ ನೆರಳು ಕೂತು ಸಾಲು ಎದ್ದು ನಿಂತಿತು. ಜನ ಫೋಟೋಗೆ ಸೇರುವ ಹೊತ್ತೂ ಅದೇ. ಪುಟ್ಟಿ ತುಂಬಿಸಿದರು. ಉಪ್ಪುಗಾಳಿಗೆ ಅದು ಹಪ್ಪಳದಂತೆ ಎದ್ದು ಉದುರಿತು. ಗಾರೆ ಕೆರೆದು ಹೊಸದಾಗಿ ಬಳಿಯೋಣವೆಂದರೆ ಕೆಳಗಿನ ನೀಲಿ ಅಕ್ಷರವೂ ಹೋಗುತ್ತದೆ, ಬರೆಯುವವನು ಮತ್ತೆ ಇವನೇ.

ತೀರದ ಲಾಡ್ಜಿನವರೆಲ್ಲ ಸೇರಿ ಅವನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಈಗ ಅಂಗಡಿಗಳ ಶಟರಿನ ಮೇಲೆ ಬರೆದು ದಿನ ದೂಡುತ್ತಾನೆ. ಹೆಂಡತಿ ಒಂದು ದಿನವೂ ಯಾಕೆ ಹೀಗೆ ಮಾಡಿದಿರಿ ಎನ್ನಲಿಲ್ಲ. ನೆಗೆದ ದಿನದ ಸೊಂಟನೋವನ್ನು ಮಾತ್ರ ಬಿಡದೆ ನೆನಪಿಸುತ್ತಾಳೆ.

ಹೋದ ಭಾನುವಾರ ಸಂಜೆ ಅವನ ಜೊತೆ ಹೋಗಿದ್ದೆ. ಒಬ್ಬಾಕೆ ಗಂಡ ಮಕ್ಕಳನ್ನು ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಚೆನ್ನಾಗಿ ಬಂತೇ ಎಂದು ಮೊಬೈಲು ನೋಡಿದವಳು ತಲೆಗಳ ಮೇಲಿನ ಸಾಲನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದಳು. ಆಮೇಲೆ ತಲೆಯೆತ್ತಿ ಗೋಡೆ ನೋಡಿದಳು. ಕಿರಿಯ ಮಗಳು ಆಗಲೇ ಆ ಸುಮ್ಮನಿದ್ದ ನೀರಿನ ಕಡೆ ಓಡುತ್ತಿದ್ದಳು. ತಾಯಿ ಚಪ್ಪಲಿ ಬಿಟ್ಟು ಓಡಿ ತೋಳು ಹಿಡಿದು ಎಳೆತಂದಳು.

ಬೋರ್ಡಣ್ಣ ಅತ್ತ ಒಂದು ಸಲ ನೋಡಿ, ಏಣಿ ಒರಗಿಸಿ ಹತ್ತಿದ. ಹಿಂದಿನ ದಿನವಷ್ಟೇ ಯಾರೋ ಸುಣ್ಣ ಬಳಿದಿದ್ದರು.

“ಸುಣ್ಣ ಅವರದ್ದು, ಕಪ್ಪು ಬಣ್ಣ ನಂದು,” ಎಂದ, ಬ್ರಷ್ ಅದ್ದುತ್ತ. “ಯಾರದ್ದು ಮೊದಲು ಖಾಲಿಯಾಗುತ್ತೋ ನೋಡೋಣ. ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ.”

ಹಿಡಿದುಕೊಂಡೆ.