ಬಸ್ಸಿನಲ್ಲಿ ಉಬ್ಬಿದ ಹಿಟ್ಟು

ಎರಡು ವರ್ಷದ ಹಿಂದಿನ ಮಾತು. ಕಬ್ಬಿನ ಹಂಗಾಮು ಶುರುವಾಗಿ, ನಮ್ಮ ಕುಲಗೋಡದಿಂದ ಗೋಕಾಕಕ್ಕೆ ಹೋಗುವ ರಸ್ತೆಯ ತುಂಬ ಟ್ರ್ಯಾಕ್ಟರುಗಳೇ ಓಡಾಡುತ್ತಿದ್ದ ದಿನಗಳು. ಸೊಸೆ ಸವಿತಾ ಆಗ ಐದು ತಿಂಗಳ ಬಸುರಿ. ಹುಕ್ಕೇರಿಯ ತವರಿನಿಂದ ನಮ್ಮ ಮನೆಗೆ ಬಂದಾಗ ತುಂಬುಗಲ್ಲದ ಹುಡುಗಿ, ಈಗ ಕಡ್ಡಿಯಾಗಿದ್ದಳು. ತಿಂದದ್ದೆಲ್ಲ ವಾಂತಿ. ಹಿಂದೊಮ್ಮೆ ಮೂರು ತಿಂಗಳಿಗೇ ಗರ್ಭ ಇಳಿದುಹೋಗಿತ್ತು. ಈ ಸಲ ಡಾಕ್ಟರು, ತಾಯಿಯ ತೂಕ ಏರದಿದ್ದರೆ ಮಗುವಿಗೆ ಕಷ್ಟ ಎಂದು ಮುಖ ಗಂಭೀರ ಮಾಡಿಕೊಂಡೇ ಹೇಳಿದ್ದರು.

ನಮ್ಮ ಕಡೆ ಬಸುರಿಯ ಬಯಕೆ ಎಂದರೆ ಹುಡುಗಾಟವಲ್ಲ. ಅವಳು ಕೇಳಿದ್ದನ್ನು ಓಣಿಯವರೆಲ್ಲ ಸೇರಿಯಾದರೂ ತಿನ್ನಿಸುತ್ತಾರೆ. ಆದರೆ ಈ ಹುಡುಗಿ ಏನನ್ನೂ ಕೇಳಳು. ಹುಣಸೆಕಾಯಿ ತರಲೇ, ಜೋಳದ ನುಚ್ಚು ಮಾಡಲೇ, ಖಾರಬ್ಯಾಳಿ ಮಾಡಲೇ ಎಂದರೆ "ಏನೂ ಬ್ಯಾಡ್ರಿ ಅತ್ತಿ" ಎಂದು ಗೋಡೆ ಕಡೆ ಹೊರಳುತ್ತಿದ್ದಳು. ನನಗೆ ಮೊದಲೇ ತಾಳ್ಮೆ ಕಡಿಮೆ. ಒಂದು ದಿನ ರೇಗಿಬಿಟ್ಟೆ.

"ನಿನ್ನ ಮನಸಿನ್ಯಾಗ ಏನೈತಿ ಹೇಳಿಬಿಡ ನಮ್ಮವ್ವಾ. ಎಲ್ಲಿದ್ರೂ ತರ್ತೇನಿ."

ನನ್ನ ಕಡೆ ಹೊರಳಿ, "ನಗಬ್ಯಾಡ್ರಿ ಮತ್ತ" ಎಂದಳು. "ಬೆಳಗಾವ್ಯಾಗ ಕಾಲೇಜಿಗೆ ಇದ್ದಾಗ ಒಂದ್ಸಲ ದಾಲ್ಚಿನ್ನಿ ಬನ್ ತಿಂದಿದ್ದೆ. ಅದರ ವಾಸನಿ ಭಾಳ ನೆನಪಾಗಾಕತ್ತೈತ್ರಿ."

ದಾಲ್ಚಿನ್ನಿಯನ್ನು ನಾನು ಮಸಾಲೆಗೆ ಬಿಟ್ಟು ಬೇರೆಯದಕ್ಕೆ ಹಾಕಿದವಳೇ ಅಲ್ಲ. ಬೆಳಗಾವಿಯಿಂದ ತರಿಸಬಹುದಿತ್ತು. ಆದರೆ ಅದರಲ್ಲಿ ಕೋಳಿಯ ತತ್ತಿ ಹಾಕಿದ್ದರೆ? ನಮ್ಮ ಮನೆಯಲ್ಲಿ ತತ್ತಿ ಮುಟ್ಟುವುದಿಲ್ಲ, ಆಗಂತೂ ಅದರ ವಾಸನೆ ಬಂದರೂ ಸವಿತಾಳಿಗೆ ಆಗುತ್ತಿರಲಿಲ್ಲ. ನಾನೇ ಮಾಡುತ್ತೇನೆ ಎಂದು ಸೆರಗು ಕಟ್ಟಿದೆ. ಮಗ ಮೊಬೈಲಿನಲ್ಲಿ ಮಾಡುವ ರೀತಿ ತೋರಿಸಿದ. ಮೊದಲ ಸಲ ಕುಕ್ಕರಿನಲ್ಲಿ ಇಟ್ಟೆ. ತಳ ಕರಕಲು, ಒಳಗೆ ಹಸಿಹಿಟ್ಟು. ಆ ಸುಟ್ಟ ವಾಸನೆಗೆ ಪಾಪದ ಹುಡುಗಿ ಕುಡಿದ ನೀರನ್ನೂ ಕಾರಿಕೊಂಡಳು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ಮರುದಿನ, ಹಿಟ್ಟು ಉಬ್ಬಲೆಂದು ಯೀಸ್ಟ್ ಕೊಂಡಿದ್ದ ಗೋಕಾಕದ ಬೇಕರಿಗೇ ಹೋದೆ. ಯಜಮಾನರು ದಸ್ತಗೀರ ಅಂತ, ಅರವತ್ತು ದಾಟಿದ ಮನುಷ್ಯ. ಬನ್ನು ಸುಡಲು ಭಟ್ಟಿ ಕೊಡುತ್ತೀರಾ ಎಂದು ಕೇಳಿದೆ.

"ನಮ್ಮ ಭಟ್ಟ್ಯಾಗ ತತ್ತಿ ಹಾಕಿದ್ದೂ ಬೇಯ್ತೈತ್ರಿ ಅಕ್ಕಾರ, ನಿಮಗ ನಡೀತೈತೇನ್ರಿ?" ಎಂದು ಅವರೇ ಮೊದಲು ಕೇಳಿದರು.

"ಪರಾತ ನಂದ ತರ್ತೇನ್ರಿ, ಅದರಾಗ ಇಟ್ಟ ಕೊಟ್ರ ಸಾಕು."

"ಹಂಗಾರ ಹನ್ನೆರಡರೊಳಗ ಬರ್ರಿ. ಆಮ್ಯಾಲ ಭಟ್ಟಿ ಆರತೈತಿ. ಯೀಸ್ಟಿಗೆ ಹಾಲು ಭಾಳ ಸುಡಬಾರದು, ಕೂಸಿಗೆ ಕುಡಸೂವಷ್ಟ ಬೆಚ್ಚಗಿರಲಿ."

ಮಾರನೆಯ ದಿನ ಬೆಳಿಗ್ಗೆ ನಮ್ಮ ಎಮ್ಮೆಯ ಹಾಲಿನಲ್ಲೇ ಮೈದಾ ನಾದಿದೆ. ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕಿ, ಬೆಲ್ಲದ ಪುಡಿಗೆ ದಾಲ್ಚಿನ್ನಿ ಕುಟ್ಟಿ ಬೆರೆಸಿ, ಬೆಣ್ಣೆ, ಲಟ್ಟಣಿಗೆ, ಪರಾತವೆಂಬ ಅಗಲ ತಟ್ಟೆ ಎಲ್ಲ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಬೇಕರಿಯಲ್ಲಿ ಕೂತು ಲಟ್ಟಿಸಿ, ಬನ್ನು ಸುತ್ತಿ, ಭಟ್ಟಿಗೆ ಕೊಡುವುದು ನನ್ನ ಲೆಕ್ಕಾಚಾರ. ಸೀಟು ಸಿಕ್ಕಿದ್ದು ಇಂಜಿನ್ನಿನ ಪಕ್ಕ. ಆ ಕಾವು ಹಿಟ್ಟಿಗೆ ಏನು ಮಾಡುತ್ತದೆ ಎಂದು ನನಗಾದರೂ ಹೇಗೆ ಗೊತ್ತಾಗಬೇಕು?

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರೇಲರ್ ಮಗುಚಿ, ರಸ್ತೆಯ ಮೇಲೆಲ್ಲ ಕಬ್ಬು ಬಿದ್ದಿತ್ತು. ಹತ್ತು ನಿಮಿಷ ಎಂದವರು ಒಂದು ತಾಸಾದರೂ ಕದಲಲಿಲ್ಲ. ಅಷ್ಟರಲ್ಲಿ ನನ್ನ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಟಣ್ ಎಂದು ಹಾರಿತು. ಹಿಟ್ಟು ಉಬ್ಬಿ ಹೊರಗೆ ಇಣುಕುತ್ತಿತ್ತು.

"ಏನಬೇ ಯವ್ವಾ, ಡಬ್ಬ್ಯಾಗ ಏನೋ ಜೀವ ಇದ್ದಂಗೈತಿ!" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು.

"ನಿನ್ನ ಟಿಕೀಟ ನೀ ಹರಿಯಪ್ಪಾ" ಎಂದು ಸಿಡಿದೆ. ಹಿಟ್ಟನ್ನು ಒಳಗೆ ಒತ್ತಿದರೆ ಬೆರಳಿಗೆಲ್ಲ ಅಂಟಿಕೊಂಡಿತು. ಗಡಿಯಾರ ನೋಡಿದೆ, ಹನ್ನೊಂದೂವರೆ. ಸಿಟ್ಟು ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಪಕ್ಕದಲ್ಲಿ ಕೊಣ್ಣೂರಿಗೆ ಹೊರಟಿದ್ದ, ಬ್ಲೌಸ್ ಹೊಲಿಯುವ ಹೆಂಗಸು ಕೂತಿದ್ದಳು. "ಯಾಕ ಅಳ್ತೀರಿ ಅಕ್ಕಾರ?" ಎಂದಳು. ಸೊಸೆಯ ಬಯಕೆ, ಹಿಂದೆ ಕಳೆದುಕೊಂಡದ್ದು, ಡಾಕ್ಟರು ಹೇಳಿದ್ದು, ಭಟ್ಟಿ ಆರುವುದು ಎಲ್ಲವನ್ನೂ ಹೇಳಿಬಿಟ್ಟೆ.

ನಗುತ್ತಿದ್ದವರೂ ಬಗ್ಗಿ ಕಿವಿಗೊಟ್ಟು ಕೇಳಿದರು. ಆ ಹೆಂಗಸೇ ಮೊದಲು ಎದ್ದಳು.

"ಹಂಗಾರ ಸುಮ್ಮ ಯಾಕ ಕುಂತೀರಿ? ಅಲ್ಲಿ ಮಾಡೂದನ್ನ ಇಲ್ಲೇ ಮಾಡೂನು. ಅಲ್ಲಿ ಹೋಗಿ ಬರೇ ಭಟ್ಟ್ಯಾಗ ಇಟ್ರಾತು."

ಕಂಡಕ್ಟರ್ ತನ್ನ ಬಾಟಲಿಯ ನೀರಿನಿಂದ ಎಲ್ಲರ ಕೈ ತೊಳೆಸಿದ. ಪರಾತವನ್ನು ಬೋರಲು ಹಾಕಿ, ನಾಲ್ಕು ಜನ ಹೆಂಗಸರು ತೊಡೆಯ ಮೇಲೆ ಹಿಡಿದುಕೊಂಡರು. ಅದರ ಮೇಲೆ ನಾನು ಲಟ್ಟಿಸಿದೆ. ಒಬ್ಬಳು ಬೆಣ್ಣೆ ಸವರಿದಳು, ಇನ್ನೊಬ್ಬಳು ಬೆಲ್ಲ ಉದುರಿಸಿದಳು. ದಾಲ್ಚಿನ್ನಿ ವಾಸನೆಗೆ ಹಿಂದಿನ ಸೀಟಿನ ಗಂಡಸರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಚಾಪೆ ಸುತ್ತಿದ ಹಾಗೆ ಹಿಟ್ಟು ಸುತ್ತಿದ್ದಾಯಿತು. ಕತ್ತರಿಸಲು ಚಾಕು ಮರೆತಿದ್ದೆ. ಹೊಲಿಗೆಯ ಹೆಂಗಸು ಚೀಲದಿಂದ ಹೊಸ ಬಿಳಿ ದಾರದ ಉಂಡೆ ತೆಗೆದು, ಸುರುಳಿಯ ಕೆಳಗೆ ದಾರ ತೂರಿಸಿ, ಎರಡೂ ತುದಿಯನ್ನು ಮೇಲೆ ಅಡ್ಡಹಾಯಿಸಿ ಎಳೆದಳು. ಬನ್ನು ಒಂಚೂರೂ ಚಪ್ಪಟೆಯಾಗದೆ ಬಿಡಿಯಾಯಿತು. ನಮ್ಮ ಮನೆಯಲ್ಲಿ ಕಾಲು ತೊಳೆಯದೆ ಯಾರನ್ನೂ ಅಡುಗೆಮನೆಗೆ ಬಿಡದ ನಾನು, ಅವತ್ತು ಯಾರ ಕೈ, ಯಾವ ಊರು ಎಂದೂ ಕೇಳಲಿಲ್ಲ.

ಪರಾತಕ್ಕೆ ಬನ್ನು ಜೋಡಿಸುವಷ್ಟರಲ್ಲಿ ರಸ್ತೆ ತೆರವಾಯಿತು. ಡ್ರೈವರ್ ಗೋಕಾಕದಲ್ಲಿ ಸ್ಟಾಂಡಿಗೆ ಹೋಗುವ ಮೊದಲೇ, ಸ್ಟಾಪ್ ಇಲ್ಲದ ಬೇಕರಿಯ ಮುಂದೆ ಬಸ್ಸು ನಿಲ್ಲಿಸಿದ. ಆಗ ಒಂದೂವರೆ. ಭಟ್ಟಿ ಆರಿರುತ್ತದೆ ಎಂದುಕೊಂಡೇ ಇಳಿದೆ. ದಸ್ತಗೀರ ಅವರು ಬಾಗಿಲಲ್ಲೇ ನಿಂತಿದ್ದರು.

"ಕಬ್ಬಿನ ಗಾಡಿ ಬಿದ್ದೈತಿ ಅಂತ ಕೇಳಿದ್ನಿ. ಅದಕ್ಕ ಭಟ್ಟಿಗೆ ಇನ್ನೊಂದ ಸಲ ಕಟಗಿ ಒಟ್ಟೇನ್ರಿ" ಎಂದರು.

ಬನ್ನು ಹೊಂಬಣ್ಣಕ್ಕೆ ಬಂದು ಹೊರಬಂದಾಗ ನಾನು ಚೀಲಕ್ಕೆ ಕೈ ಹಾಕಿದೆ. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬಸುರಿ ಹೆಣ್ಮಗಳ ಬಯಕಿಗೆ ರೊಕ್ಕಾ ತಗೊಂಡ್ರ, ನಮ್ಮವ್ವ ಗೋರಿಯಿಂದ ಎದ್ದ ಬಂದ ಬೈತಾಳ್ರಿ."

ಸಂಜೆ ನಾನು ಹೊಸ್ತಿಲು ದಾಟುವ ಮೊದಲೇ ಸವಿತಾ ಎದ್ದು ಕೂತಿದ್ದಳು. ಒಂದು ತಿಂದಳು, ಎರಡನೆಯದರಲ್ಲಿ ಅರ್ಧ ತಿಂದಳು. ನಾನು ಬೋಗುಣಿ ಹಿಡಿದು ಪಕ್ಕದಲ್ಲೇ ಕಾದೆ. ಅವಳು ಹಾಗೆಯೇ ನಿದ್ದೆ ಹೋದಳು, ಬೋಗುಣಿ ಒಣಗಿಯೇ ಇತ್ತು. ಬೆಳಿಗ್ಗೆ "ಅತ್ತಿ, ಇನ್ನೊಂದ ಐತೇನ್ರಿ?" ಎಂದಳು. ಅಷ್ಟು ದಿನಗಳಲ್ಲಿ ಅವಳು ಬಾಯಿ ಬಿಟ್ಟು ಕೇಳಿ ತಿಂದದ್ದು ಅದೇ ಮೊದಲು. ಎಲ್ಲ ಬನ್ನಿನಿಂದಲೇ ಆಯಿತು ಎನ್ನಲಾರೆ, ಡಾಕ್ಟರ ಔಷಧವೂ ಇತ್ತು. ಆದರೆ ಅವತ್ತಿನಿಂದ ಅವಳು ಉಣ್ಣತೊಡಗಿದಳು. ನಾಲ್ಕು ತಿಂಗಳ ಮೇಲೆ ಮೊಮ್ಮಗಳು ಹುಟ್ಟಿದಳು.

ಎಲ್ಲ ಸರಿಹೋದ ಮೇಲೆ ಒಂದು ಮಾತು ನನ್ನನ್ನು ಕೊರೆಯತೊಡಗಿತು. ಬಸ್ಸಿನಲ್ಲಿ ಅಷ್ಟು ಕೈ ಸೇರಿ ಮಾಡಿದ ಬನ್ನು, ಅವರಲ್ಲಿ ಒಬ್ಬರ ಬಾಯಿಗೂ ಬೀಳಲಿಲ್ಲ. ಆ ಹೊಲಿಗೆಯ ಹೆಂಗಸಿನ ಹೆಸರನ್ನೂ ನಾನು ಕೇಳಿರಲಿಲ್ಲ. ಅವರಿಗೆ ಒಂದೊಂದಾದರೂ ಬನ್ನು ತಿನ್ನಿಸಬೇಕೆಂದು, ಬಸ್ಸು ಹತ್ತಿದಾಗಲೆಲ್ಲ ಮುಖ ಮುಖ ನೋಡುತ್ತಿದ್ದೆ.

ಕಳೆದ ವರ್ಷ ಮೊಮ್ಮಗಳು ಹೆಜ್ಜೆ ಇಡಲು ಕಲಿತಳು. ಮತ್ತೆ ಹಿಟ್ಟು ನಾದಿ, ಅದೇ ಪರಾತ ಹೊತ್ತು, ಅದೇ ಭಟ್ಟಿಯಲ್ಲಿ ಪರಾತ ತುಂಬ ಬನ್ನು ಸುಡಿಸಿದೆ. ಮೊದಲ ಬನ್ನು ದಸ್ತಗೀರ ಅವರಿಗೇ ಕೊಟ್ಟು, ಉಳಿದದ್ದನ್ನು ಹಿಡಿದು ಕುಲಗೋಡದ ಬಸ್ಸು ಹತ್ತಿದೆ. ಅವತ್ತಿನವರಲ್ಲಿ ಕಂಡಕ್ಟರ್ ಒಬ್ಬನೇ ಇದ್ದ. ನನ್ನ ಪರಾತ ನೋಡಿ ಗುರುತು ಹಿಡಿದು, "ತಗೋರಿ ಎಲ್ಲಾರೂ, ಇದು ಬಯಕಿ ಬನ್!" ಎಂದು ತಾನೇ ಹಂಚಲು ನಿಂತ.

ಬನ್ನು ಕೈಯಲ್ಲಿ ಹಿಡಿದ ಒಬ್ಬ ಮುದುಕಿ, ನನ್ನ ನರೆಗೂದಲನ್ನೊಮ್ಮೆ ನೋಡಿ, "ಯಾರ ಬಯಕಿ ತಂಗಿ ಇದು?" ಎಂದು ಕೇಳಿದಳು.

"ನಂದರಿ ಆಯಿ" ಎಂದೆ.