ಕಾರಿನೊಳಗಿನ ಹಿತ್ತಾಳೆ ಪಂಪು

ಕಳೆದ ಶುಕ್ರವಾರ ಗುಂಡ್ಯದಲ್ಲಿ ನಾನು ಒಬ್ಬ ಮನುಷ್ಯನನ್ನು ಸುಟ್ಟೇ ಬಿಡುತ್ತಿದ್ದೆ. ಆ ಮನುಷ್ಯ ನನ್ನ ಗೆಳೆಯ. ನನ್ನ ಕೈಯಲ್ಲಿದ್ದದ್ದು ಬೆಂಕಿ ಆರಿಸುವ ಪಂಪು.

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು. ವಾರ ವಾರವೂ ಪತ್ರಿಕೆಯ ಇದೇ ಅಂಕಣದಲ್ಲಿ ಊರಿನವರ ತಪ್ಪುಗಳನ್ನು ಹೆಸರು ಹಿಡಿದು ಕರೆಯುವವನಿಗೆ, ತನ್ನ ತಪ್ಪಿನ ಸರದಿ ಬಂದಾಗ ರಜೆ ಇದೆಯೇ?

ಬೆಟ್ಟಂಪಾಡಿಯ ಕೇಶವಣ್ಣ ಎರಡು ವರ್ಷದ ಹಿಂದೆ ಒಂದು ಸ್ಪೋರ್ಟ್ಸ್ ಕಾರು ಕೊಂಡರು. ಘಟ್ಟದ ಮೇಲಿನ ಕಾಫಿ ತೋಟದ ಬಿಳಿಯ ದೊರೆ ಸ್ವದೇಶಕ್ಕೆ ಮರಳುವಾಗ ಮಾರಿಹೋದದ್ದು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮೇಲೆ ಮಡಚುವ ಕ್ಯಾನ್ವಾಸಿನ ಹೊದಿಕೆ. ಚಾಲಕನ ಬದಿಯ ಬಾಗಿಲು ತೆರೆಯುವುದೇ ಇಲ್ಲ. ಕೇಶವಣ್ಣ ಪಂಚೆ ಎತ್ತಿ ಕಟ್ಟಿ ಅದನ್ನು ದಾಟಿ ಇಳಿಯುತ್ತಾರೆ. (ತೆರೆಯದ ಬಾಗಿಲಿನ ವಾಹನ ರಸ್ತೆಯಲ್ಲಿ ಓಡುತ್ತಿದ್ದರೂ ಯಾರೂ ಕೇಳುವುದಿಲ್ಲವೇಕೆ?) ಸೀಟಿನ ಹಿಂದೆ ಸದಾ ಒಂದು ಡಬ್ಬ ಪೆಟ್ರೋಲು. ಅದರ ವಾಸನೆ ನನ್ನ ಬೆನ್ನ ಹಿಂದೆ ಕುಳಿತು ಉಸಿರಾಡಿದಂತೆ ಇರುತ್ತಿತ್ತು.

“ಬೆಂಕಿ ಹತ್ತಿದರೆ?” ಎಂದು ನಾನು ಕೇಳಿದೆ.

“ಮಾಷ್ಟ್ರೇ, ನಿಮ್ಮ ಬಾಯಿಂದ ಒಂದು ದಿನವಾದ್ರೂ ಒಳ್ಳೆ ಮಾತು ಬರ್ಲಿಕ್ಕಿಲ್ವಾ?”

ಬಿಡಲಿಲ್ಲ. ಪತ್ರ ಬರೆದು ಮದ್ರಾಸಿನಿಂದ ಪಂಪು ತರಿಸಿದೆ. ಮೊಳಕೈಯಷ್ಟು ಉದ್ದದ ಹಿತ್ತಾಳೆ ಕೊಳವೆ. ಒಳಗೆ ಮೂಗಿಗೆ ಹೊಡೆಯುವ ಔಷಧಿ. ಹಿಡಿಕೆ ಹಿಂದೆ ಮುಂದೆ ಆಡಿಸಿದರೆ ಚಿಮ್ಮುತ್ತದೆ. ಪುತ್ತೂರಿನ ಗ್ಯಾರೇಜಿನಲ್ಲಿ ಅದ್ರಾಮ ಮೇಸ್ತ್ರಿ ಅದನ್ನು ಕಾರಿಗೆ ಜೋಡಿಸಿದರು. ಎಲ್ಲಿ ಜೋಡಿಸುವುದು? ಅಷ್ಟು ಸಣ್ಣ ಕಾರಿನಲ್ಲಿ ಕಾಲಿಡಲೇ ಜಾಗವಿಲ್ಲ. ಕೊನೆಗೆ ಎಡ ಸೀಟಿನ ಮುಂದೆ, ಮೊಣಕಾಲಿನ ಕೆಳಗೆ, ಇಬ್ಬರ ಕೈಗೂ ಎಟಕುವಲ್ಲಿ ಗುರುತು ಮಾಡಿದೆವು. ಮೇಸ್ತ್ರಿ ಕಾರಿನಡಿಗೆ ನುಗ್ಗಿ ಕೈಯಾಡಿಸಿದವರೇ ಕೂಗಿದರು.

“ಇಲ್ಲಿ ತೂತು ಮಾಡಿದ್ರೆ ಸೀದಾ ಪೆಟ್ರೋಲ್ ಪೈಪಿಗೇ! ಮತ್ತೆ ನಿಮ್ಮ ಪಂಪು ಬೆಂಕಿ ಹಚ್ಚುದಕ್ಕಾಯ್ತು.”

ನಾಲ್ಕು ಬೆರಳು ಆಚೆಗೆ ಸರಿಸಿ ಎರಡು ತೂತು ಕೊರೆದರು. ಬೋಲ್ಟು ಹಾಕಿ ಭದ್ರವಾಗಿ ಬಿಗಿಯುವುದು ಅವರ ಇಚ್ಛೆ. ಇಲ್ಲದಿದ್ದರೆ ಸಂತೆಯ ದಿನ ಯಾರಾದರೂ ಹೊತ್ತೊಯ್ದಾರು. ನಾನು ಒಪ್ಪಲಿಲ್ಲ. ಸ್ಪ್ರಿಂಗಿನ ಕ್ಲಿಪ್ಪೇ ಬೇಕು, ಒಂದೇ ಎಳೆತಕ್ಕೆ ಕೈಗೆ ಬರಬೇಕು ಎಂದೆ. ಕಣ್ಣು ಮುಚ್ಚಿ ಹತ್ತು ಸಲ ಎಳೆದು ನೋಡಿದೆ. ಹತ್ತು ಸಲವೂ ಬಂತು. ಎಷ್ಟು ಹೆಮ್ಮೆಪಟ್ಟೆ!

ಶುಕ್ರವಾರ, ಆಯುಧಪೂಜೆಯ ಮರುದಿನ, ಇಬ್ಬರೂ ಸಕಲೇಶಪುರಕ್ಕೆ ಹೊರಟೆವು. ತುಂತುರು ಮಳೆ, ಹೊದಿಕೆ ಎಳೆದಿತ್ತು. ಪಂಪು ಹೊಸದರಂತೆ ಮಿರಮಿರ ಮಿಂಚುತ್ತಿತ್ತು, ಕುತ್ತಿಗೆಗೆ ಕುಂಕುಮ. ನನಗೆ ಸಂತೋಷವೇ ಆಯಿತು.

ಗುಂಡ್ಯದಲ್ಲಿ, ಚಹಾ ಹೋಟೆಲಿನ ಎದುರು, ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ನಾನು ಪಂಪು ಎಳೆದುಕೊಂಡು ಇಳಿದು ಬಾನೆಟ್ಟು ಎತ್ತಿದೆ. ಕಾರ್ಬುರೇಟರಿನ ಮೇಲೆ ಅಂಗೈಯಗಲದ ನೀಲಿ ಬೆಂಕಿ. ಕೇಶವಣ್ಣ ಇನ್ನೂ ಒಳಗಿದ್ದರು. ಅವರ ಬದಿಯ ಬಾಗಿಲು ತೆರೆಯದು. ಹೊದಿಕೆ ಇದ್ದುದರಿಂದ ದಾಟಿ ಇಳಿಯುವಂತಿಲ್ಲ. ಗೇರಿನ ಕೋಲು ದಾಟಿ ನನ್ನ ಬದಿಯಿಂದ ಬರಬೇಕು, ಆ ಕೋಲಿಗೆ ಪಂಚೆ ಸಿಕ್ಕಿಕೊಂಡಿದೆ.

ನಾನು ಪಂಪು ಹೊಡೆದೆ. ಔಷಧಿಯ ವಾಸನೆ ಬರಲಿಲ್ಲ.

ನೀರು ಬಂತು.

ನೀರಿನ ಮೇಲೆ ಪೆಟ್ರೋಲು ತೇಲಿತು, ಪೆಟ್ರೋಲಿನ ಮೇಲೆ ಬೆಂಕಿ ತೇಲಿತು. ಅಂಗೈಯಷ್ಟಿದ್ದದ್ದು ಹರಿದು, ಇಂಜಿನಿನ ಕೆಳಗಿಳಿದು, ಕೇಶವಣ್ಣನ ಕಾಲಿನತ್ತ ತೆವಳಿತು. ನಾನು ಇನ್ನೂ ಹೊಡೆಯುತ್ತಲೇ ಇದ್ದೆ! ಭಯ ಹಿಡಿದ ಕೈಗೆ ಕಲಿತದ್ದೊಂದೇ ಗೊತ್ತು. “ಮಾಷ್ಟ್ರೇ, ಕಾಲು! ನನ್ನ ಕಾಲು!” ಎಂದು ಅವರು ಕೂಗಿದ್ದು ಈಗಲೂ ನಿದ್ರೆಯಲ್ಲಿ ಕೇಳುತ್ತದೆ.

“ನೀರು ಬೇಡ ಮಾರಾಯ್ರೆ! ಎಂತ, ಕೊಲ್ಲುದಾ ಅವರನ್ನು?” ಹೋಟೆಲಿನ ಕೊರಗಪ್ಪ ನನ್ನನ್ನು ತಳ್ಳಿ, ಒದ್ದೆ ಗೋಣಿಯನ್ನು ಇಂಜಿನಿನ ಮೇಲೆ ಎಸೆದ. ಮೇಲಿಂದ ಬುಟ್ಟಿ ಬುಟ್ಟಿ ಮಣ್ಣು ಸುರಿದ. ಲಾರಿಯವರಿಂದ ನೋಡಿ ಕಲಿತ ವಿದ್ಯೆ ಅದು. ಬೆಂಕಿ ಉಸಿರುಗಟ್ಟಿ ಸತ್ತಿತು. ಪಂಚೆ ಹರಿದು ಎಳೆದು ತೆಗೆದಾಗ ಕೇಶವಣ್ಣನ ಎಡಪಾದದ ತುಂಬ ಗುಳ್ಳೆ ಎದ್ದಿತ್ತು. ಒಂದು ಡಬ್ಬ ಪೆಟ್ರೋಲು ಅವರ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು.

ಸಂಜೆ ಬೆಟ್ಟಂಪಾಡಿಯಲ್ಲಿ ಅವರ ತಾಯಿ ದೇವಕಿಯಮ್ಮ ಒಂದನ್ನೂ ಮುಚ್ಚಿಡಲಿಲ್ಲ.

“ಪೂಜೆಗೆ ಮನೆಯ ಹಿತ್ತಾಳೆ ಎಲ್ಲ ತೆಗೆದು ಬಿಂಬುಳಿ ಕಾಯಿಯ ಹುಳಿ ಹಾಕಿ ತಿಕ್ಕಿದೆ. ಇದೂ ಒಂದೇ ಎಳೆತಕ್ಕೆ ಕೈಗೆ ಬಂತು. ಒಳಗೆ ಎಂತದೋ ನಾರುದು! ಚೆಲ್ಲಿ ತೊಳೆದೆ. ಖಾಲಿ ಪಾತ್ರೆ ದೀಪದ ಎದುರು ಇಡುದು ಉಂಟಾ ಮಾಷ್ಟ್ರೇ? ಆಗಷ್ಟೇ ಸೇದಿದ ಬಾವಿ ನೀರು ತುಂಬಿಸಿದೆ. ಬೆಂಕಿಗೆ ಹಾಕುದು ನೀರಲ್ಲದೆ ಮತ್ತೆಂತ?”

“ಅದರ ಮೇಲೆ ಬರೆದಿತ್ತಲ್ಲ, ಅಮ್ಮ...”

“ಇಂಗ್ಲಿಷಿನಲ್ಲಿ.” ಮಗನ ಪಾದಕ್ಕೆ ಎಣ್ಣೆ ಸವರುತ್ತಿದ್ದ ಕೈ ನಿಂತಿತು. “ನೀವು ವಾರ ವಾರ ಬರಿಯುದನ್ನು ನಾನು ಕನ್ನಡಕ ಹಾಕಿ ಪೂರಾ ಓದ್ತೇನೆ. ಇದೊಂದು ಬರೆದಿದ್ರೆ ಓದ್ತಿರ್ಲಿಲ್ವಾ?”

ಅಪಾಯದ ಸೂಚನೆಯನ್ನು ನಮಗೆ ಬಾರದ ಭಾಷೆಯಲ್ಲಿ ಕೆತ್ತಿ ಕಳುಹಿಸುವುದು ತಪ್ಪು. ಬಾಗಿಲು ರಿಪೇರಿ ಮಾಡಿಸದ ಕೇಶವಣ್ಣನದು ತಪ್ಪು. ಆದರೆ ಯಂತ್ರದ ಮಾತೆಂದರೆ ಗಂಡಸರ ಮಾತು ಎಂದುಕೊಂಡು, ಯಜಮಾನನಿಗೂ ಮೇಸ್ತ್ರಿಗೂ ಬಿಡಿಸಿ ಹೇಳಿ, ಮನೆಯ ಒಂದೊಂದು ಪಾತ್ರೆಯನ್ನೂ ಕೈಯಾರೆ ಮುಟ್ಟುವವರಿಗೆ ಒಂದು ಮಾತೂ ಹೇಳದೆ ಹೋದವನು ಯಾರು? ಸ್ತ್ರೀಶಿಕ್ಷಣದ ಕುರಿತು ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು!

ಹೊಸ ಪಂಪಿಗೆ ಪತ್ರ ಹೋಗಿದೆ. ಅದೇ ಎರಡು ತೂತು, ಅದೇ ಕ್ಲಿಪ್ಪು. ಅಂಟಿಸಬೇಕಾದ ಚೀಟಿಯನ್ನು ದೇವಕಿಯಮ್ಮನೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ: ‘ಒಳಗೆ ಔಷಧಿ. ನೀರಲ್ಲ. ತೊಳೆಯಬಾರದು.’

ಆದರೆ ನನ್ನ ಭಯ ಇನ್ನೂ ಆರಿಲ್ಲ. ಸೋಮವಾರ ಬೆಳ್ಳಾರೆಯಲ್ಲಿ ಸುಳ್ಯದ ಬಸ್ಸು ಹತ್ತಿದೆ. ಡ್ರೈವರನ ಬೆನ್ನ ಹಿಂದೆ ಅಂಥದೇ ಒಂದು ಪಂಪು. ಕುತ್ತಿಗೆಗೆ ಕುಂಕುಮ, ಮೂತಿಗೆ ಬಾಡಿದ ಸೇವಂತಿಗೆ.

“ಇದರೊಳಗೆ ಏನಿದೆ?” ಎಂದು ಕಂಡಕ್ಟರನನ್ನು ಕೇಳಿದೆ.

“ಎಂತ ಉಂಟೋ ಯಾರಿಗೆ ಗೊತ್ತು ಮಾರಾಯ್ರೆ! ಪೂಜೆಗೆ ಎಷ್ಟು ಚಂದ ತಿಕ್ಕಿದ್ದೇವೆ ನೋಡಿ.”

ಸೀಟುಗಳು ಖಾಲಿ ಇದ್ದವು. ನಾನು ಬಾಗಿಲ ಬಳಿ ನಿಂತೇ ಸುಳ್ಯಕ್ಕೆ ಹೋದೆ.